ಸೋಲು ಯಾರ ಲೆಕ್ಕಕ್ಕೆ?

ಮೇಷ್ಟ್ರ ಕೆಲಸದಲ್ಲಿ ಇಪ್ಪತ್ತು ವರ್ಷ ಸವೆಸಿದವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಎಲ್ಲಿಯಾದರೂ ಒಂದು ಹೆಸರು, ಅದರ ಎದುರಿಗೆ ಒಂದು ಅಂಕಿ ಕಂಡರೆ ಸಾಕು, ಕಣ್ಣು ಅಲ್ಲಿಯೇ ನಿಂತುಬಿಡುತ್ತದೆ. ವರ್ಷಕ್ಕೆ ಇಷ್ಟು ನೂರು ಹೆಸರುಗಳ ಮುಂದೆ ಇಷ್ಟು ನೂರು ಅಂಕಿಗಳನ್ನು ಬರೆಯುವುದು ನಮ್ಮ ಕಸುಬು. ಬರೆಯುವಾಗ ಅದೊಂದು ಲೆಕ್ಕ. ಆದರೆ ಬರೆಸಿಕೊಂಡವನಿಗೆ ಅದು ಲೆಕ್ಕವಲ್ಲ, ಹಣೆಬರಹ. ಹುಡುಗ ಊರು ಬಿಟ್ಟು ಹೋಗುತ್ತಾನೆ, ಕೆಲಸಕ್ಕೆ ಸೇರುತ್ತಾನೆ, ಮದುವೆಯಾಗಿ ಮಕ್ಕಳ ತಂದೆಯಾಗುತ್ತಾನೆ. ರಿಜಿಸ್ಟರಿನಲ್ಲಿ ಮಾತ್ರ ಆ ಹದಿನೇಳೋ ಹದಿನೆಂಟೋ ಕದಲದೆ ಕುಳಿತಿರುತ್ತದೆ.

ಅಮೆರಿಕದಲ್ಲಿ ನೆಲೆಸಿರುವ ನನ್ನ ತಂಗಿಯ ಮಗನಿಗೆ ಬೇಸ್‌ಬಾಲ್ ಎಂದರೆ ಪ್ರಾಣ. ಕಳೆದ ಬೇಸಿಗೆಯಲ್ಲಿ ಊರಿಗೆ ಬಂದಾಗ ಆ ಆಟದ ದಾಖಲೆಗಳ ದಪ್ಪ ಪುಸ್ತಕವೊಂದನ್ನು ಜೊತೆಯಲ್ಲಿ ತಂದಿದ್ದ. ಮಧ್ಯಾಹ್ನದ ಊಟವಾದ ಮೇಲೆ ನಾನು ಅದರ ಹಾಳೆ ತಿರುವುತ್ತಿದ್ದೆ. ಸಾವಿರಾರು ಹೆಸರು, ಒಂದೊಂದರ ಮುಂದೆ ಸಾಲುಗಟ್ಟಲೆ ಅಂಕಿ. ಅವುಗಳ ನಡುವೆ ಒಂದು ಹೆಸರಿಗೆ ಒಂದೇ ಸಾಲು ಇತ್ತು. ಅಲನ್ ಟ್ರಾವರ್ಸ್. ವರ್ಷ ೧೯೧೨. ಆಡಿದ ಪಂದ್ಯ ಒಂದು. ಚೆಂಡೆಸೆದ ಇನ್ನಿಂಗ್ಸು ಎಂಟು. ಎದುರಾಳಿಗಳಿಗೆ ಸಿಕ್ಕಿದ ಹೊಡೆತ ೨೬. ಬಿಟ್ಟುಕೊಟ್ಟ ರನ್ನು ೨೪. ಅಷ್ಟಕ್ಕೆ ಮುಗಿಯಿತು. ಹಿಂದೆ ಏನೂ ಇಲ್ಲ, ಮುಂದೆ ಏನೂ ಇಲ್ಲ.

"ಇವನ್ಯಾರೋ ಪಾಪ?" ಎಂದೆ.

"ಅಮೆರಿಕನ್ ಲೀಗಿನಲ್ಲಿ ಒಂದೇ ಪಂದ್ಯದಲ್ಲಿ ಒಬ್ಬ ಪಿಚ್ಚರ್ ಇಷ್ಟು ರನ್ನು ಕೊಟ್ಟದ್ದು ಇನ್ನೊಂದಿಲ್ಲ, ಮಾವ. ಇವತ್ತಿಗೂ ಅದೇ ದಾಖಲೆ," ಎಂದು ಹುಡುಗ ನಕ್ಕ. ನಾನೂ ನಕ್ಕೆ. ಆಮೇಲೆ ಅವನು ಆ ಪಂದ್ಯದ ಕಥೆಯನ್ನು ಹೇಳಿದ. ಅವನು ಹಿಂತಿರುಗಿದ ಮೇಲೆ ನಾನೂ ಹುಡುಕಿ ಓದಿದೆ. ಓದಿದಂತೆಲ್ಲ ನಗು ಇಳಿಯಿತು.

ಬೇಸ್‌ಬಾಲಿನ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು. ಕ್ರಿಕೆಟ್ಟಿನ ದಾಯಾದಿಯಂತಿರುವ ಆಟ ಅದು. ಪಿಚ್ಚರ್ ಎಂಬುವನು ಚೆಂಡನ್ನು ಎಸೆಯುತ್ತಾನೆ, ಎದುರಾಳಿ ದಾಂಡಿನಿಂದ ಹೊಡೆದು ಓಡುತ್ತಾನೆ, ನಾಲ್ಕು ಮೂಲೆಗಳನ್ನು ಸುತ್ತಿ ಬಂದರೆ ಒಂದು ರನ್ನು. ಮೂವರು ಔಟಾದರೆ ಸರದಿ ಮುಗಿಯಿತು. ಹೀಗೆ ಒಂದೊಂದು ಪಕ್ಷಕ್ಕೂ ಒಂಬತ್ತು ಸರದಿ. ಸಾಮಾನ್ಯವಾಗಿ ಒಂದು ತಂಡಕ್ಕೆ ನಾಲ್ಕೋ ಐದೋ ರನ್ನು ಬಂದರೆ ಚೆನ್ನಾಗಿ ಆಡಿದರು ಎನ್ನುತ್ತಾರೆ. ಹಾಗಿರುವಲ್ಲಿ ೨೪ ಎಂದರೆ ಎಂಥ ಸೋಲು ಎಂಬುದನ್ನು ಊಹಿಸಿಕೊಳ್ಳಬಹುದು. ಇನ್ನೊಂದು ವಿಷಯ: ಕ್ರಿಕೆಟ್ಟಿನಲ್ಲಿ ನಾಯಕನಿಗೆ ಸಾಕೆನಿಸಿದಾಗ ಡಿಕ್ಲೇರ್ ಮಾಡಿ ನಿಲ್ಲಿಸಬಹುದು. ಬೇಸ್‌ಬಾಲಿನಲ್ಲಿ ಗೆಲ್ಲುವವನಿಗೆ ಆ ಬಾಗಿಲೇ ಇಲ್ಲ. ಸೋಲುವವನು ಮೂವರನ್ನು ಔಟ್ ಮಾಡುವ ತನಕ ಗೆಲ್ಲುವವನು ಆಡುತ್ತಲೇ ಇರಬೇಕು.

ಜಗಳ ಹುಟ್ಟಿದ್ದು ೧೯೧೨ನೆಯ ಇಸವಿ ಮೇ ತಿಂಗಳ ೧೫ರಂದು, ನ್ಯೂಯಾರ್ಕಿನಲ್ಲಿ. ಡೆಟ್ರಾಯಿಟ್ ಟೈಗರ್ಸ್ ತಂಡ ಅಲ್ಲಿಗೆ ಆಡಲು ಹೋಗಿತ್ತು. ಆ ತಂಡದ ಟೈ ಕಾಬ್ ಆ ಕಾಲದ ದಾಂಡಿಗರಲ್ಲಿ ಎದುರಿಲ್ಲದವನು, ಮುಂಗೋಪದಲ್ಲಿಯೂ ಎದುರಿಲ್ಲದವನು. ಪ್ರೇಕ್ಷಕನೊಬ್ಬ ಆಟದುದ್ದಕ್ಕೂ ಅವನನ್ನು ಬೈಯುತ್ತಿದ್ದ. ಕಡೆಗೆ ಅವನ ಹುಟ್ಟಿಗೆ ಕರಿಯರ ರಕ್ತವನ್ನು ಅಂಟಿಸುವ ಮಾತು ಬಂತು. ಅಂಥ ಮಾತು ಬಿಳಿಯನೊಬ್ಬನಿಗೆ ಸಹಿಸಲಾಗದ ಬೈಗುಳವೆನಿಸಿದ್ದೇ ಆ ಸಮಾಜದ ದೊಡ್ಡ ರೋಗ, ಅದಿರಲಿ. ಕಾಬ್ ಕಟ್ಟೆ ಹತ್ತಿ ಪ್ರೇಕ್ಷಕರ ನಡುವೆ ನುಗ್ಗಿ ಆ ಮನುಷ್ಯನನ್ನು ಹೊಡೆದ, ಒದ್ದ. ಹೊಡೆಸಿಕೊಂಡವನು ಮುದ್ರಣಯಂತ್ರದ ಅಪಘಾತದಲ್ಲಿ ಒಂದು ಕೈಯನ್ನೂ ಇನ್ನೊಂದು ಕೈಯ ಮೂರು ಬೆರಳುಗಳನ್ನೂ ಕಳೆದುಕೊಂಡಿದ್ದವನು. ತಡೆಯಲು ಕೈಯೇ ಇಲ್ಲದವನ ಮೇಲೆ ಕೈ ಮಾಡಿದ್ದಾಗಿತ್ತು.

ಅಮೆರಿಕನ್ ಲೀಗಿನ ಅಧ್ಯಕ್ಷ ಬ್ಯಾನ್ ಜಾನ್ಸನ್ ಕಾಬನನ್ನು ಅಮಾನತಿನಲ್ಲಿಟ್ಟ. ಎಷ್ಟು ದಿನ ಎಂದು ಹೇಳಲಿಲ್ಲ, ವಿಚಾರಣೆಯನ್ನೂ ಮಾಡಲಿಲ್ಲ. ಆಗ ಟೈಗರ್ಸ್ ಆಟಗಾರರು ಒಂದಾದರು. ಕಾಬನನ್ನು ಅವರಲ್ಲಿ ಹಲವರು ಪ್ರೀತಿಸುತ್ತಿರಲಿಲ್ಲ. ಅವನ ಸ್ವಭಾವ ಅಂಥದು. ಆದರೂ ಅವನನ್ನು ಹಿಂದಕ್ಕೆ ತೆಗೆದುಕೊಳ್ಳದಿದ್ದರೆ ತಾವು ಆಡುವುದಿಲ್ಲವೆಂದು ಅಧ್ಯಕ್ಷನಿಗೆ ತಂತಿ ಕೊಟ್ಟರು. ಪ್ರೇಕ್ಷಕರ ಬೈಗುಳದಿಂದ ಆಟಗಾರನಿಗೆ ರಕ್ಷಣೆ ಬೇಡವೇ ಎಂಬುದು ಅವರ ಪ್ರಶ್ನೆ. ಪ್ರಶ್ನೆಯಲ್ಲಿ ನ್ಯಾಯವಿತ್ತು; ಅದನ್ನು ಎತ್ತಲು ಸಿಕ್ಕಿದ ಸಂದರ್ಭದಲ್ಲಿ ಮಾತ್ರ ನ್ಯಾಯವಿರಲಿಲ್ಲ. ಲೋಕದಲ್ಲಿ ಅನೇಕ ಸಲ ಹೀಗಾಗುತ್ತದೆ. ಒಳ್ಳೆಯ ತತ್ತ್ವಕ್ಕೆ ಕೆಟ್ಟ ಮನುಷ್ಯನೊಬ್ಬ ನೆಪವಾಗಿ ಬರುತ್ತಾನೆ. ಅವನನ್ನು ಬಿಟ್ಟರೆ ತತ್ತ್ವವೂ ಕೈಬಿಟ್ಟು ಹೋದೀತೆಂಬ ಭಯದಿಂದ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಬೇಕಾಗುತ್ತದೆ.

ಮೇ ೧೮, ಶನಿವಾರ, ಫಿಲಡೆಲ್ಫಿಯಾದಲ್ಲಿ ಅಥ್ಲೆಟಿಕ್ಸ್ ತಂಡದೊಡನೆ ಪಂದ್ಯ. ಅಥ್ಲೆಟಿಕ್ಸ್ ಎಂದರೆ ಸಾಮಾನ್ಯರಲ್ಲ. ೧೯೧೦ ಮತ್ತು ೧೯೧೧ರಲ್ಲಿ ಎಡೆಬಿಡದೆ ವರ್ಲ್ಡ್ ಸೀರೀಸ್ ಗೆದ್ದವರು. ಟೈಗರ್ಸ್ ತಂಡ ಮೈದಾನಕ್ಕೆ ಇಳಿಯದಿದ್ದರೆ ದಿನಕ್ಕೆ ೫,೦೦೦ ಡಾಲರು ದಂಡ ಕಟ್ಟಬೇಕೆಂದು ಲೀಗು ಹೇಳಿತು. ಒಡೆಯ ಫ್ರ್ಯಾಂಕ್ ನ್ಯಾವಿನ್ ಮ್ಯಾನೇಜರ್ ಹ್ಯೂ ಜೆನಿಂಗ್ಸನಿಗೆ, ಹೇಗಾದರೂ ಒಂದು ತಂಡ ನಿಲ್ಲಿಸು ಎಂದ. ಗಮನಿಸಬೇಕಾದದ್ದು ಇದು: ಗೆಲ್ಲುವ ತಂಡ ಎನ್ನಲಿಲ್ಲ, ಆಡಬಲ್ಲ ತಂಡ ಎಂದೂ ಅನ್ನಲಿಲ್ಲ. ಒಂದು ತಂಡ. ಮೈದಾನದ ಮೇಲೆ ಅಂಗಿ ತೊಟ್ಟ ಒಂಬತ್ತು ದೇಹ ನಿಂತರೆ ದಂಡ ತಪ್ಪುತ್ತಿತ್ತು.

ಒಂಬತ್ತು ದೇಹ ಬೇಕೆಂಬ ಮಾತು ಒಬ್ಬ ಪತ್ರಿಕಾ ವರದಿಗಾರನ ಮೂಲಕ ಅಲನ್ ಟ್ರಾವರ್ಸನಿಗೆ ತಲುಪಿತು. ಟ್ರಾವರ್ಸ್ ಊರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ವಿದ್ಯಾರ್ಥಿ, ಇಪ್ಪತ್ತು ವರ್ಷದ ಹುಡುಗ. ಕಾಲೇಜು ತಂಡದ ಸಹಾಯಕ ಮ್ಯಾನೇಜರಾಗಿದ್ದನೇ ಹೊರತು ತಂಡದಲ್ಲಿ ಆಡುವವನಾಗಿರಲಿಲ್ಲ. ಅವನು ಪರಿಚಯದ ಹುಡುಗರನ್ನು ಬೀದಿಯ ಮೂಲೆಯಿಂದ ಕರೆದು ತಂದ. ತಲೆಗೆ ೨೫ ಡಾಲರು, ಚೆಂಡೆಸೆಯುವವನಿಗೆ ೫೦. ಟ್ರಾವರ್ಸ್ ಚೆಂಡೆಸೆಯಲು ಒಪ್ಪಿದ. ಟೈಗರ್ಸ್ ತಂಡದ ಇಬ್ಬರು ಹಳೆಯ ತರಬೇತುಗಾರರನ್ನೂ ಸೇರಿಸಿಕೊಂಡರು: ಜೋ ಸಗ್ಡೆನ್, ವಯಸ್ಸು ೪೧, ಡೀಕನ್ ಮೆಕ್‌ಗ್ವಾಯರ್, ವಯಸ್ಸು ೪೮. ಮಧ್ಯಾಹ್ನ ನಿಜವಾದ ಟೈಗರ್ಸ್ ಮೈದಾನಕ್ಕೆ ಬಂದರು. ಅಂಪೈರು ಕಾಬನನ್ನು ಹೊರಕ್ಕೆ ಕಳಿಸಿದ. ಅವನ ಹಿಂದೆ ಎಲ್ಲರೂ ಹೊರಟರು. ಅವರು ಕಳಚಿದ ಅಂಗಿಗಳನ್ನು ಬೀದಿಯ ಹುಡುಗರು ತೊಟ್ಟುಕೊಂಡು ಒಳಗೆ ಬಂದರು.

ಮುಂದಿನದನ್ನು ಹೆಚ್ಚು ಹೇಳಬೇಕಾಗಿಲ್ಲ. ಟ್ರಾವರ್ಸ್ ನಿಧಾನವಾಗಿ ತಿರುಗುವ ಚೆಂಡುಗಳನ್ನು ಎಸೆದ. ವೇಗದ ಚೆಂಡು ಹಾಕಿದರೆ ಅದು ಬಾಣದಂತೆ ಅವನ ಮೈಗೇ ಮರಳಿ ಬಂದೀತೆಂದು ಹೆದರಿ ಜೆನಿಂಗ್ಸನೇ ಬೇಡವೆಂದಿದ್ದನಂತೆ. ಜಗಜ್ಜಟ್ಟಿಗಳು ಕೆಲಹೊತ್ತು ಆ ನಿಧಾನಕ್ಕೆ ತಬ್ಬಿಬ್ಬಾದದ್ದೂ ಉಂಟು. ಆಮೇಲೆ ಅವರು ದಾಂಡು ಬೀಸದೆ ಚೆಂಡನ್ನು ಬರಿದೆ ತಾಗಿಸಿ ನೆಲದ ಮೇಲೆ ಉರುಳಿಬಿಡತೊಡಗಿದರು. ಓಡಿಬಂದು ಅದನ್ನು ಎತ್ತಿ ಎಸೆಯುವ ಅಭ್ಯಾಸ ಆ ಹುಡುಗರಿಗೆ ಎಲ್ಲಿಂದ ಬರಬೇಕು? ಐದನೆಯ ಸರದಿಯೊಂದರಲ್ಲೇ ಎಂಟು ರನ್ನು. ಕೊನೆಗೆ ೨೪–೨. ಆ ಎರಡು ರನ್ನನ್ನು ಹೊಡೆದು ಬಂದವರು ಯಾರೆಂದು ಬಲ್ಲಿರಾ? ಆ ಇಬ್ಬರು ಮುದುಕರೇ. ನೆರೆದಿದ್ದ ಸುಮಾರು ಇಪ್ಪತ್ತು ಸಾವಿರ ಮಂದಿಯಲ್ಲಿ ಕೆಲವರು ನಕ್ಕರು, ಕೆಲವರು ಟಿಕೆಟ್ಟಿನ ಹಣ ಹಿಂದಕ್ಕೆ ಕೇಳಿದರು. ಟ್ರಾವರ್ಸ್ ಮಾತ್ರ ಕಡೆಯ ಚೆಂಡಿನವರೆಗೆ ಎಸೆದ. ಅವನ ಬದಲಿಗೆ ಇನ್ನೊಬ್ಬನನ್ನು ಯಾರೂ ತರಲಿಲ್ಲ.

ಈ ಕಥೆಯನ್ನು ಕೇಳಿದವರಿಗೆಲ್ಲ ಮೊದಲು ಹೊಳೆಯುವ ಪ್ರಶ್ನೆ ಒಂದಿದೆ. ಎದುರಿಗಿರುವವರು ಬೀದಿಯ ಹುಡುಗರೆಂದು ಕಂಡ ಮೇಲೂ ಅಥ್ಲೆಟಿಕ್ಸ್ ಅಷ್ಟು ಹೊಡೆಯಬೇಕಾಗಿತ್ತೇ? ಬಲವಂತನಿಗೆ ಕೈ ತಡೆಯುವ ಧರ್ಮವಿಲ್ಲವೇ?

ನಮ್ಮ ಭಾರತದ ಕಥೆ ಬಲ್ಲವರಿಗೆ ಈ ಪ್ರಶ್ನೆ ಹೊಸದಲ್ಲ. ಕುರುಕ್ಷೇತ್ರದಲ್ಲಿ ಯುದ್ಧ ಮೊದಲಾಗುವ ಮುನ್ನ ಎರಡು ಪಕ್ಷದವರೂ ಕಟ್ಟು ಮಾಡಿಕೊಂಡರು: ರಥಿಕನು ರಥಿಕನೊಡನೆ, ಕಾಲಾಳು ಕಾಲಾಳಿನೊಡನೆ ಕಾದಬೇಕು, ಆಯುಧ ಕಳೆದುಕೊಂಡವನನ್ನು ಹೊಡೆಯಬಾರದು. ಆ ಕಟ್ಟು ಮುರಿದು ಅಭಿಮನ್ಯು ಬಿದ್ದಾಗ, ಹೊಡೆದವರು ಎಷ್ಟು ದೊಡ್ಡ ವೀರರೋ ಅಷ್ಟು ದೊಡ್ಡ ಕಳಂಕ ಅವರಿಗೆ ಮೆತ್ತಿಕೊಂಡಿತು. ಸಮಬಲವಿಲ್ಲದ ಕಡೆ ಜಯವೂ ಜಯವಲ್ಲ ಎಂಬುದು ಆ ಕಟ್ಟಿನ ತಿರುಳು.

ಆದರೆ ಆಟಕ್ಕೆ ಇದನ್ನು ಹಾಗೆಯೇ ಅನ್ವಯಿಸಲು ನನಗೆ ಧೈರ್ಯವಿಲ್ಲ. ಅಥ್ಲೆಟಿಕ್ಸ್ ಬೇಕೆಂದೇ ದಾಂಡು ತಪ್ಪಿಸಿ ಬೀಸಿದ್ದರೆ ಏನಾಗುತ್ತಿತ್ತು? ಸೋಲು ಚಿಕ್ಕದಾಗುತ್ತಿತ್ತು, ನಿಜ. ಆದರೆ ಟ್ರಾವರ್ಸ್ ಔಟ್ ಮಾಡಿದ ಒಬ್ಬೊಬ್ಬನೂ ಭಿಕ್ಷೆಯಾಗಿಬಿಡುತ್ತಿದ್ದ. ಆ ದಿನ ಅವನು ಒಬ್ಬ ದಾಂಡಿಗನನ್ನು ಸ್ಟ್ರೈಕ್‌ಔಟ್ ಮಾಡಿದ್ದಾನೆ. ಒಬ್ಬನನ್ನೇ. ಎದುರಾಳಿ ನಿಜವಾಗಿ ಆಡಿದ್ದರಿಂದಲೇ ಆ ಒಂದು ಅವನದಾಗಿ ಉಳಿಯಿತು. ನಾಲ್ಕನೆಯ ತರಗತಿಯ ಹುಡುಗನೊಡನೆ ಚದುರಂಗ ಆಡುತ್ತ ಮಂತ್ರಿಯನ್ನು ಬೇಕೆಂದೇ ಬಲಿ ಕೊಡುವ ಚಿಕ್ಕಪ್ಪನ ಮೇಲೆ ಹುಡುಗನಿಗೆ ಕೃತಜ್ಞತೆ ಹುಟ್ಟುವುದಿಲ್ಲ, ಸಿಟ್ಟು ಬರುತ್ತದೆ. ಕರುಣೆಗೆ ಅವಮಾನದ ಮುಖವೂ ಒಂದುಂಟು. ಆದ್ದರಿಂದ ಗೆದ್ದವರ ಮೇಲೆ ದೋಷ ಹೊರಿಸಲು ನನಗೆ ಮನಸ್ಸಿಲ್ಲ. ಅವರು ತಮ್ಮ ಮುಂದೆ ನಿಲ್ಲಿಸಿದವರೊಡನೆ ಆಡಿದರು.

ಹಾಗಾದರೆ ಆ ೨೪ ಎಂಬ ಅಂಕಿ ಏನನ್ನು ಹೇಳುತ್ತದೆ? ಅಥ್ಲೆಟಿಕ್ಸ್ ಎಷ್ಟು ಬಲಶಾಲಿಗಳೆಂಬುದನ್ನೇ? ಅದೂ ಅಲ್ಲವೆಂದು ತೋರಲು ಇನ್ನೊಂದು ಪಂದ್ಯವನ್ನು ನೆನೆಯಬಹುದು. ಅದು ಇದಕ್ಕಿಂತ ಹತ್ತು ವರ್ಷ ಹಿಂದಿನದು, ಟೆಕ್ಸಸ್ ಲೀಗಿನದು. ೧೯೦೨ನೆಯ ಇಸವಿ ಜೂನ್ ೧೫, ಭಾನುವಾರ. ಭಾನುವಾರ ಆಟವಾಡಬಾರದೆಂಬ ಕಟ್ಟಳೆ ಕಾರ್ಸಿಕಾನಾ ಊರಿನಲ್ಲಿದ್ದುದರಿಂದ ಪಂದ್ಯವನ್ನು ಎನ್ನಿಸ್ ಎಂಬ ಊರಿನ ಪುಟ್ಟ ಮೈದಾನಕ್ಕೆ ಸಾಗಿಸಿದ್ದರು. ಕಾರ್ಸಿಕಾನಾ ತಂಡ ಟೆಕ್ಸಾರ್ಕಾನಾ ತಂಡವನ್ನು ೫೧–೩ರಿಂದ ಸೋಲಿಸಿತು. ಜಸ್ಟಿನ್ ಕ್ಲಾರ್ಕ್ ಎಂಬ ಹತ್ತೊಂಬತ್ತು ವರ್ಷದ ಹುಡುಗ ಎಂಟು ಸಲ ದಾಂಡು ಹಿಡಿದು ಎಂಟು ಸಲವೂ ಹೋಮ್ ರನ್ ಹೊಡೆದ. ಕ್ರಿಕೆಟ್ಟಿನಲ್ಲಿ ಎದುರಿಸಿದ ಒಂದೊಂದು ಚೆಂಡಿಗೂ ಸಿಕ್ಸರ್ ಹೊಡೆದಂತೆ ಎಂದುಕೊಳ್ಳಿ. ಆ ಕ್ಲಾರ್ಕ್ ಮುಂದೆ ದೊಡ್ಡ ಲೀಗಿಗೆ ಹೋದ. ಅಲ್ಲಿ ಒಂಬತ್ತು ವರ್ಷದ ಆಟದಲ್ಲಿ, ಐನೂರಕ್ಕೂ ಹೆಚ್ಚು ಪಂದ್ಯಗಳಲ್ಲಿ, ಅವನು ಹೊಡೆದ ಹೋಮ್ ರನ್ನುಗಳು ಒಟ್ಟು ಆರು. ಎನ್ನಿಸ್‌ನ ಒಂದು ಮಧ್ಯಾಹ್ನಕ್ಕಿಂತ ಎರಡು ಕಡಿಮೆ!

ಸರಿಸಾಟಿಯಲ್ಲದ ಆಟದ ಅಂಕಿ ಗೆದ್ದವನ ಬಗ್ಗೆಯೂ ನಿಜ ಹೇಳುವುದಿಲ್ಲ, ಸೋತವನ ಬಗ್ಗೆಯೂ ಹೇಳುವುದಿಲ್ಲ. ತಕ್ಕಡಿಯ ಒಂದು ತಟ್ಟೆಯಲ್ಲಿ ಕಬ್ಬಿಣವನ್ನೂ ಇನ್ನೊಂದರಲ್ಲಿ ಹತ್ತಿಯನ್ನೂ ಇಟ್ಟು ತೂಗಿದರೆ ತಟ್ಟೆ ಕೆಳಗೆ ಬೀಳುತ್ತದೆ. ಆದರೆ ನಮಗೆ ಗೊತ್ತಿಲ್ಲದ ಯಾವುದೂ ಅದರಿಂದ ಗೊತ್ತಾಗುವುದಿಲ್ಲ. ಗೊತ್ತಾಗುವುದು ಒಂದೇ: ಇವೆರಡನ್ನು ಎದುರೆದುರು ಇಟ್ಟ ಕೈ ಯಾವುದೋ ಇದೆ.

ಆ ಕೈಯನ್ನು ಹುಡುಕಿದರೆ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. ಎಷ್ಟು ಹೊಡೆದರು ಎಂಬುದು ನಿಜವಾದ ಪ್ರಶ್ನೆಯಲ್ಲ. ಹೊಡೆಸಿಕೊಳ್ಳಲು ಅವನನ್ನು ಅಲ್ಲಿ ನಿಲ್ಲಿಸಿದವರು ಯಾರು ಎಂಬುದು ಪ್ರಶ್ನೆ. ಕಾಬ್ ಕೋಪವನ್ನು ತಡೆದುಕೊಳ್ಳಲಿಲ್ಲ. ಜಾನ್ಸನ್ ವಿಚಾರಣೆಯಿಲ್ಲದೆ ಶಿಕ್ಷಿಸಿದ. ಆಟಗಾರರು ಸಂಗಡಿಗನಿಗಾಗಿ ಕೆಲಸ ನಿಲ್ಲಿಸಿದರು. ಒಡೆಯ ದಂಡಕ್ಕೆ ಹೆದರಿದ. ಮ್ಯಾನೇಜರು ಒಡೆಯನ ಮಾತು ನಡೆಸಿದ. ಇವರಲ್ಲಿ ಒಬ್ಬೊಬ್ಬನಿಗೂ ಒಂದೊಂದು ಕಾರಣವಿತ್ತು, ಕೆಲವರ ಕಾರಣ ಒಳ್ಳೆಯದೂ ಆಗಿತ್ತು. ಎರಡು ಕೋಣ ಕಾದಾಡಿದರೆ ನಡುವಿನ ಗಿಡಕ್ಕೆ ಸಾವು ಎಂಬ ಮಾತು ನಮ್ಮಲ್ಲಿ ಹಳೆಯದು. ಆದರೆ ಇಲ್ಲಿ ಗಿಡ ನಡುವೆ ತಾನಾಗಿ ಬೆಳೆದಿರಲಿಲ್ಲ, ತಂದು ನೆಟ್ಟಿದ್ದರು.

ಜಗಳ ಹೇಗೆ ಮುಗಿಯಿತೆಂಬುದನ್ನೂ ನೋಡಬೇಕು. ಜಾನ್ಸನ್ ಫಿಲಡೆಲ್ಫಿಯಾಕ್ಕೆ ಬಂದು ಗದರಿಸಿದ. ಕಾಬನೇ ಸಂಗಡಿಗರಿಗೆ, ನನಗಾಗಿ ಇನ್ನು ಹಟ ಬೇಡ, ಹಿಂತಿರುಗಿ ಎಂದು ಹೇಳಿದ. ಮೇ ೨೧ರಂದು ಟೈಗರ್ಸ್ ಮತ್ತೆ ಆಡಿದರು. ಮುಷ್ಕರ ಹೂಡಿದವರಿಗೆ ತಲಾ ೧೦೦ ಡಾಲರು ದಂಡ; ಕಾಬನಿಗೆ ಹತ್ತು ದಿನದ ಅಮಾನತು, ೫೦ ಡಾಲರು ದಂಡ. ಲೆಕ್ಕ ನೋಡಿದರೆ ಹೊಡೆದವನಿಗಿಂತ ಹೊಡೆದವನ ಸ್ನೇಹಿತರಿಗೆ ದಂಡ ಇಮ್ಮಡಿಯಾಯಿತು. ಆದರೂ ಅವರು ಸಂಪೂರ್ಣ ಸೋತರೆನ್ನಲಾಗದು. ಅದೇ ವರ್ಷ ಆಟಗಾರರ ಸಂಘವೊಂದು ಹುಟ್ಟಿತು. ಒಡೆಯ ದಂಡದಿಂದ ಪಾರಾದ. ಅಧ್ಯಕ್ಷ ಶಿಸ್ತನ್ನು ಉಳಿಸಿಕೊಂಡ. ಕಾಬ್ ಆ ವರ್ಷವೂ ಎಲ್ಲರಿಗಿಂತ ಮುಂದೆ ನಿಂತ. ಹೀಗೆ ಒಬ್ಬೊಬ್ಬನೂ ತನ್ನ ಪಾಲಿನ ಖರ್ಚನ್ನು ಹೇಗೋ ತೀರಿಸಿಕೊಂಡು ಹೋದ. ತೀರದೆ ಉಳಿದದ್ದು ಒಂದೇ ಅಂಕಿ. ಅದನ್ನು ಜಗಳದ ತಲೆಬುಡ ಯಾವುದರಲ್ಲಿಯೂ ಇಲ್ಲದ ಒಬ್ಬ ವಿದ್ಯಾರ್ಥಿಯ ಹೆಸರಿನ ಮುಂದೆ ಬರೆದುಬಿಟ್ಟರು.

ಇಲ್ಲಿಯವರೆಗೆ ಬರೆದು ನಾನು ಲೇಖನಿ ಕೆಳಗಿಟ್ಟೆ. ಜೆನಿಂಗ್ಸನನ್ನು ಬೈಯುವುದು ಸುಲಭ. ಬೈಯುವವನು ತಾನು ಎಂದೂ ಆ ಜಾಗದಲ್ಲಿ ನಿಂತಿರದಿದ್ದರೆ. ನಾನು ನಿಂತಿದ್ದೇನೆ.

ಹದಿನೈದು ವರ್ಷದ ಹಿಂದಿನ ಮಾತು. ಅಂತರ ಕಾಲೇಜು ಚರ್ಚಾಸ್ಪರ್ಧೆಗೆ ನಮ್ಮ ಕಾಲೇಜಿನಿಂದ ಇಬ್ಬರು ಹುಡುಗರನ್ನು ಕರೆದುಕೊಂಡು ಹೋಗುವುದು ನನ್ನ ಹೊಣೆ. ಇಬ್ಬರೂ ಮಾತಿನಲ್ಲಿ ಹುಲಿಗಳು. ಹೊರಡುವ ಹಿಂದಿನ ದಿನ ಅವರ ಗೆಳೆಯನೊಬ್ಬನನ್ನು ಹಾಸ್ಟೆಲಿನಿಂದ ಹೊರಗೆ ಹಾಕಿದರು. ಅವನನ್ನು ವಾಪಸು ಸೇರಿಸಿಕೊಳ್ಳದಿದ್ದರೆ ಬರುವುದಿಲ್ಲ ಎಂದು ಇಬ್ಬರೂ ಕುಳಿತುಬಿಟ್ಟರು. ತಂಡ ಹೋಗದಿದ್ದರೆ ಮುಂದಿನ ವರ್ಷ ಪ್ರವೇಶವಿಲ್ಲ, ಕಟ್ಟಿದ ಹಣವೂ ಇಲ್ಲ. ಹೇಗಾದರೂ ಇಬ್ಬರನ್ನು ನಿಲ್ಲಿಸಿ ಎಂದು ಮೇಲಿನವರು ಹೇಳಿದರು. ಒಬ್ಬ ಸಿಕ್ಕಿದ. ಇನ್ನೊಬ್ಬನಾಗಿ, ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸಿಕೊಡುತ್ತಿದ್ದ ಮೊದಲ ವರ್ಷದ ಹುಡುಗನನ್ನು ಕರೆದೆ. ಹಳ್ಳಿಯವನು, ಮಾತು ಕಡಿಮೆ.

"ನಂಗೆ ಬರಲ್ಲ ಸಾರ್," ಎಂದ.

"ಬರಬೇಕಾಗಿಲ್ಲಪ್ಪ. ನಿಂತು ನಾಲ್ಕು ಮಾತು ಹೇಳು. ಗಂಟೆ ಹೊಡೆಯೋವರೆಗೆ ಮಾತ್ರ ಕೆಳಗಿಳೀಬೇಡ, ಸಾಕು," ಎಂದೆ.

"ಆಗಲಿ ಸಾರ್."

ಅವನು ವೇದಿಕೆ ಹತ್ತಿದ. ಒಂದೂವರೆ ನಿಮಿಷಕ್ಕೆ ಅವನ ಮಾತು ಮುಗಿಯಿತು. ಕೊಟ್ಟ ಕಾಲ ಐದು ನಿಮಿಷ. ಗಂಟೆ ಹೊಡೆಯುವವರೆಗೆ ಇಳಿಯಬೇಡ ಎಂದು ನಾನು ಹೇಳಿದ್ದೆನಲ್ಲ, ಅವನು ಇಳಿಯಲಿಲ್ಲ. ಎರಡು ಕೈಯನ್ನೂ ಮೇಜಿನ ಮೇಲೆ ಊರಿ ನಿಂತೇ ಇದ್ದ. ಮೊದಲು ಹಿಂದಿನ ಸಾಲಿನಿಂದ ನಗು ಬಂತು, ಆಮೇಲೆ ಸಭೆಯೆಲ್ಲ ನಕ್ಕಿತು. ನಾನು ಎದ್ದು ಸನ್ನೆ ಮಾಡಿ ಅವನನ್ನು ಇಳಿಸಬಹುದಾಗಿತ್ತು. ಇಳಿಸಿದರೆ ತಂಡ ಅನರ್ಹವಾದೀತೇನೋ ಎಂದು ಕುಳಿತೇ ಇದ್ದೆ. ಮೂರೂವರೆ ನಿಮಿಷ ಎಷ್ಟು ದೀರ್ಘವೆಂಬುದು ಅಂದು ನನಗೆ ತಿಳಿಯಿತು. ಅವನಿಗೆ ಅದು ಇನ್ನೆಷ್ಟು ದೀರ್ಘವಾಗಿತ್ತೋ, ನಾನು ಕೇಳಲಿಲ್ಲ. ಬಸ್ಸಿನಲ್ಲಿ ಮರಳುವಾಗಲೂ ಕೇಳಲಿಲ್ಲ. ಆಮೇಲೆ ಎರಡೂವರೆ ವರ್ಷ ಅವನು ಅದೇ ಕಾಲೇಜಿನಲ್ಲಿ ಓದಿದ. ಗ್ರಂಥಾಲಯದಲ್ಲಿ ದಿನವೂ ಸಿಗುತ್ತಿದ್ದ, ನಮಸ್ಕಾರ ಸಾರ್ ಎನ್ನುತ್ತಿದ್ದ. ನಾನು ಆ ವಿಷಯ ಎತ್ತಲೇ ಇಲ್ಲ.

ಅವನು ಒಪ್ಪಿದ್ದನಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಟ್ರಾವರ್ಸನ ವಿಷಯದಲ್ಲಿಯೂ ಇದೇ ಮಾತು ಹೇಳಬಹುದು. ಅವನನ್ನು ಯಾರೂ ಕಟ್ಟಿ ತರಲಿಲ್ಲ. ಐವತ್ತು ಡಾಲರು ಆ ಕಾಲದಲ್ಲಿ ವಿದ್ಯಾರ್ಥಿಯೊಬ್ಬನಿಗೆ ಸಣ್ಣ ಹಣವಲ್ಲ. ದೊಡ್ಡ ಆಟಗಾರರೊಡನೆ ಒಂದು ಮಧ್ಯಾಹ್ನ ಆಡುವುದು ಸಣ್ಣ ಆಸೆಯೂ ಅಲ್ಲ. ಅವನನ್ನು ಬಲಿಪಶು ಮಾಡಿ ಅಳುವುದು ಅವನಿಗೆ ಇನ್ನೊಂದು ಅವಮಾನ. ಇದೆಲ್ಲ ನಿಜ. ಆದರೆ ದುರ್ಬಲನ ಒಪ್ಪಿಗೆ ಬಲವಂತನ ಹೊಣೆಯನ್ನು ತೊಡೆದುಹಾಕುತ್ತದೆಯೇ? ಒಪ್ಪಿದವನಿಗೆ ತಾನು ಯಾವುದಕ್ಕೆ ಒಪ್ಪುತ್ತಿದ್ದೇನೆಂಬುದು ಗೊತ್ತಿರಲಿಲ್ಲ, ಒಪ್ಪಿಸಿದವನಿಗೆ ಗೊತ್ತಿತ್ತು. ವ್ಯತ್ಯಾಸವಿರುವುದು ಅಲ್ಲಿ. ನಮ್ಮ ಹುಡುಗ "ಆಗಲಿ ಸಾರ್" ಎಂದದ್ದು ಚರ್ಚಾಸ್ಪರ್ಧೆಗೆ ಅಲ್ಲ, ನನಗೆ. ಆ ಮಾತಿನಲ್ಲಿದ್ದ ನಂಬಿಕೆಯನ್ನು ನಾನು ಪ್ರವೇಶಧನದ ಲೆಕ್ಕಕ್ಕೆ ಜಮಾ ಮಾಡಿಕೊಂಡೆ.

ಟ್ರಾವರ್ಸ್ ಮತ್ತೆಂದೂ ಅಂಥ ಪಂದ್ಯವಾಡಲಿಲ್ಲ. ಜೆಸೂಯಿಟ್ ಸಂಘವನ್ನು ಸೇರಿ ೧೯೨೬ರಲ್ಲಿ ಪಾದ್ರಿಯ ದೀಕ್ಷೆ ಪಡೆದ. ಇನ್ನು ಮೇಲೆ ಅವರನ್ನು ಬಹುವಚನದಲ್ಲಿಯೇ ಹೇಳಬೇಕು. ಫಾದರ್ ಟ್ರಾವರ್ಸ್ ಬಹುಕಾಲ ಶಾಲೆಗಳಲ್ಲಿ ಹುಡುಗರಿಗೆ ಪಾಠ ಹೇಳಿದರು. ಮೊದಲು ನ್ಯೂಯಾರ್ಕಿನಲ್ಲಿ, ಆಮೇಲೆ ತಮ್ಮ ಊರು ಫಿಲಡೆಲ್ಫಿಯಾದಲ್ಲಿ. ಅವರೂ ಮೇಷ್ಟ್ರೇ ಆದರು ಎಂಬುದು ತಿಳಿದಾಗ ನನಗೆ ಏನೋ ಒಂದು ಬಗೆಯಾಯಿತು. ದೊಡ್ಡ ಲೀಗಿನ ಪಂದ್ಯವಾಡಿದ ಪಾದ್ರಿ ಅವರೊಬ್ಬರೇ ಎನ್ನುತ್ತಾರೆ. ಆ ದಿನದ ಮಾತನ್ನು ಅವರು ಆಡುತ್ತಿದ್ದದ್ದು ಬಹಳ ಅಪರೂಪ. ಆಡಿದಾಗ ದೂರಿನ ಧ್ವನಿ ಇರಲಿಲ್ಲ. ಎದುರಾಳಿಗಳು ಚೆಂಡು ಉರುಳಿಬಿಡಲು ಮೊದಲು ಮಾಡುವವರೆಗೆ ತಮ್ಮ ಆಟ ಚೆನ್ನಾಗಿಯೇ ನಡೆದಿತ್ತೆಂದು ನಗುತ್ತಿದ್ದರಂತೆ. ೧೯೬೮ರಲ್ಲಿ ತೀರಿಕೊಂಡರು. ಅವರ ತರಗತಿಯಲ್ಲಿ ಪರೀಕ್ಷೆಯಲ್ಲಿ ಸೊನ್ನೆ ಪಡೆದ ಹುಡುಗ ಎದ್ದುನಿಂತಾಗ ಅವರು ಏನು ಹೇಳುತ್ತಿದ್ದರೋ ನಾನರಿಯೆ. ಆದರೆ ಹೆಸರಿನ ಮುಂದೆ ಅಂಕಿ ಬರೆಯುವಾಗ ಅವರ ಕೈ ನನ್ನ ಕೈಗಿಂತ ಒಂದು ಗಳಿಗೆ ಹೆಚ್ಚು ತಡೆದಿದ್ದೀತು ಎಂದುಕೊಳ್ಳುತ್ತೇನೆ.

ದಾಖಲೆಯಿಂದ ಆ ಅಂಕಿಯನ್ನು ಅಳಿಸಬೇಕೆಂದು ನಾನು ಹೇಳುತ್ತಿಲ್ಲ. ಅಂಕಿ ಸುಳ್ಳಲ್ಲ, ೨೪ ರನ್ನು ಬಂದದ್ದು ನಿಜ. ದಾಖಲೆ ಬರೆದವರು ಒಂದು ಮಟ್ಟಕ್ಕೆ ನ್ಯಾಯವಂತರೇ: ಆ ೨೪ರಲ್ಲಿ ೧೪ ಮಾತ್ರ ಪಿಚ್ಚರನ ಲೆಕ್ಕಕ್ಕೆ, ಉಳಿದ ಹತ್ತು ಸಂಗಡಿಗರು ಚೆಂಡು ಕೈಬಿಟ್ಟದ್ದರಿಂದ ಬಂದದ್ದೆಂದು ಬೇರೆ ಕಾಲಮ್ಮಿನಲ್ಲಿ ತೋರಿಸಿದ್ದಾರೆ. ಸಂಗಡಿಗರ ತಪ್ಪಿಗೆ ಒಂದು ಕಾಲಮ್ಮು ಉಂಟು. ಒಡೆಯನ ತಪ್ಪಿಗೆ, ಅಧ್ಯಕ್ಷನ ತಪ್ಪಿಗೆ, ಅಂಗಿ ಕಳಚಿಕೊಟ್ಟು ಹೊರಗೆ ಹೋದವರ ತಪ್ಪಿಗೆ ಕಾಲಮ್ಮು ಇಲ್ಲ. ಯಾವ ಆಟದ ಪುಸ್ತಕದಲ್ಲಿಯೂ ಇಲ್ಲ. ಶಾಲೆಯ ರಿಜಿಸ್ಟರಿನಲ್ಲಿಯೂ ಇಲ್ಲ. ಆ ಕಾಲಮ್ಮನ್ನು ಓದುವವನೇ ಮನಸ್ಸಿನಲ್ಲಿ ಗೆರೆ ಎಳೆದು ತುಂಬಿಕೊಳ್ಳಬೇಕು. ದೊಡ್ಡ ಸೋಲೊಂದನ್ನು ಕಂಡಾಗ ನಗುವುದಕ್ಕೆ ಮುಂಚೆ, ಇದು ನಿಜವಾಗಿ ಯಾರ ಲೆಕ್ಕಕ್ಕೆ ಸೇರಬೇಕಾದದ್ದು ಎಂದು ಒಮ್ಮೆ ಕೇಳಿಕೊಂಡರೆ ಅಷ್ಟರಮಟ್ಟಿಗೆ ನ್ಯಾಯ ಮಾಡಿದಂತೆ.

ಮೊನ್ನೆ ಕಾಲೇಜಿನ ಗ್ರಂಥಾಲಯಕ್ಕೆ ಹೋಗಿ ಆ ವರ್ಷದ ವಾರ್ಷಿಕ ಸಂಚಿಕೆಯನ್ನು ತೆಗೆಸಿ ನೋಡಿದೆ. ವರ್ಷದ ಚಟುವಟಿಕೆಗಳ ವರದಿಯನ್ನು ಬರೆದವನು ನಾನೇ. ಚರ್ಚಾಸ್ಪರ್ಧೆಯ ಕೆಳಗೆ ಒಂದು ಸಾಲು ಇದೆ. ಹುಡುಗನ ಹೆಸರು, ತರಗತಿ, ಕೊನೆಯ ಸ್ಥಾನ. ಕಳಿಸಿದವನ ಹೆಸರು ಅದರಲ್ಲಿಲ್ಲ.